ಕಾದಂಬರಿಯ ಹೆಣ್ಣಿಗೆ ಎರಡನೆಯ ಬಾಳು

ಕೈತಪ್ಪಿ ಹೋದ ಪ್ರೀತಿ ಎಷ್ಟೋ ವರ್ಷಗಳ ನಂತರ ಮತ್ತೆ ಸಿಗುವ ಕಥೆಗೆ ಎಲ್ಲ ಭಾಷೆಗಳಲ್ಲೂ ಓದುಗರಿದ್ದಾರೆ. ಇಂಗ್ಲಿಷ್ ಲೇಖಕಿ ಜೇನ್ ಆಸ್ಟೆನ್ ಬರೆದ 'ಪರ್ಸುಯೇಷನ್' ಇಂಥ ಕಾದಂಬರಿಗಳಿಗೆಲ್ಲ ಅಜ್ಜಿ ಇದ್ದಂತೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಿರಿಯರ ಮಾತು ಕೇಳಿ ಒಬ್ಬ ನೌಕಾಧಿಕಾರಿಯನ್ನು ಬೇಡವೆಂದ ಹುಡುಗಿ ಎಂಟು ವರ್ಷ ಕಳೆದ ಮೇಲೆ ಅವನನ್ನು ಮತ್ತೆ ಕಾಣುತ್ತಾಳೆ. ಸಣ್ಣ ಊರುಗಳು, ನೆಂಟರ ಮನೆಗಳು, ಅರ್ಧ ಆಡಿ ಬಿಟ್ಟ ಮಾತುಗಳು, ಕೊನೆಗೆ ಮದುವೆ. 1817ರ ಜುಲೈನಲ್ಲಿ ಲೇಖಕಿ ತೀರಿಕೊಂಡರು, ಪುಸ್ತಕ ಆ ವರ್ಷದ ಕೊನೆಯಲ್ಲಿ ಹೊರಬಂತು.

ಇದೇ ಕಥೆಯನ್ನು ಎತ್ತಿ ತಂದು ಅದೇ ಕಾಲದ ತುಂಗಾತೀರದ ಒಂದು ಅಗ್ರಹಾರದಲ್ಲಿ ಇಟ್ಟರೆ ಏನಾಗುತ್ತದೆ? ಮೊದಲ ಪುಟದಲ್ಲೇ ಕಥೆ ನಿಂತುಹೋಗುತ್ತದೆ. ಇಪ್ಪತ್ತೇಳು ವರ್ಷವಾದರೂ ಮದುವೆಯಾಗದೆ ತವರಿನಲ್ಲಿ ಕುಳಿತ ಹೆಣ್ಣು ಅಲ್ಲಿ ಇರುವಂತೆಯೇ ಇರಲಿಲ್ಲ. ಎರಡನೆಯ ಅವಕಾಶ ಎಂಬ ಮಾತು ಮಲೆನಾಡಿನಲ್ಲಿ ಬಂದರೆ ಅದು ಮುರಿದ ಪ್ರೇಮದ ಪ್ರಶ್ನೆಯಾಗಿರದೆ ವಿಧವೆಯ ಪ್ರಶ್ನೆಯಾಗಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ಮನೆಗಳಲ್ಲಿ ಎರಡು ತಲೆಮಾರಿನ ತಾಯಂದಿರು ಹಂಚಿಕೊಂಡು ಓದಿದ ಕಾದಂಬರಿಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ.

ಅಷ್ಟೊಂದು ಬಾಲವಿಧವೆಯರು ಎಲ್ಲಿಂದ ಬಂದರು ಎಂದು ಇಂದಿನ ವಿದ್ಯಾರ್ಥಿಗಳು ಕೇಳುವುದು ಸಹಜ. ಲೆಕ್ಕ ಕಷ್ಟದ್ದೇನಲ್ಲ. ವಧುವಿಗೆ ಎಂಟೊಂಬತ್ತು ವರ್ಷ. ವರನಿಗೆ ಅದರ ಎರಡರಷ್ಟು, ಕೆಲವೊಮ್ಮೆ ಐದರಷ್ಟು. ಸಿಡುಬು, ಕಾಲರಾ, ಮಲೆನಾಡಿನ ಚಳಿಜ್ವರ, ಗದ್ದೆಬದುವಿನ ಹಾವು; ಯಾವುದಕ್ಕೂ ಸರಿಯಾದ ಔಷಧವಿಲ್ಲ. ಗಂಡಸರು ಹೆಂಗಸರು ಒಂದೇ ಪ್ರಮಾಣದಲ್ಲಿ ಸತ್ತರೂ ಪರಿಣಾಮ ಒಂದೇ ಆಗಿರಲಿಲ್ಲ. ಹೆಂಡತಿ ಸತ್ತವನು ವರ್ಷ ತುಂಬುವುದರೊಳಗೆ ಮತ್ತೊಂದು ಮದುವೆಯಾಗುತ್ತಿದ್ದ. ಅದಕ್ಕೆ ಸಿಗುತ್ತಿದ್ದುದು ಮತ್ತೆ ಎಂಟೊಂಬತ್ತರ ಹುಡುಗಿಯೇ. ಹೀಗೆ ಗಂಡಸಿನ ಎರಡನೆಯ ಮದುವೆಯೇ ಮುಂದಿನ ವಿಧವೆಯನ್ನು ಸಿದ್ಧಮಾಡಿ ಇಡುತ್ತಿತ್ತು.

ಕಾನೂನು ಇರಲಿಲ್ಲವೆಂದಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1856ರಲ್ಲೇ ಹಿಂದೂ ವಿಧವಾ ಪುನರ್ವಿವಾಹದ ಕಾಯಿದೆ ಬಂತು. ಆದರೆ ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕು ಹೋಗುತ್ತದೆ, ಆ ಮಟ್ಟಿಗೆ ಆಕೆ ಸತ್ತಂತೆಯೇ ಲೆಕ್ಕ, ಎಂಬ ಷರತ್ತೂ ಅದರಲ್ಲಿತ್ತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಬಾಲ್ಯವಿವಾಹ ತಡೆಯುವ ಕಾಯಿದೆಯಾಯಿತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಮಾಡಬಾರದು, ಐವತ್ತು ದಾಟಿದವನು ಹದಿನಾಲ್ಕರೊಳಗಿನವಳನ್ನು ಮದುವೆಯಾಗಬಾರದು ಎಂದು ಅದು ಹೇಳಿತು. ಎಂಟು ತುಂಬಿದ ಹುಡುಗಿಯನ್ನು ನಲವತ್ತೊಂಬತ್ತರ ವರನಿಗೆ ಕೊಡಲು ಅಡ್ಡಿಯಿರಲಿಲ್ಲ ಎಂಬುದು ಇದರ ಇನ್ನೊಂದು ಮುಖ. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ ಎನ್ನಿಸಿಕೊಂಡಿತ್ತು.

ಎಲ್ಲ ಜಾತಿಗಳಲ್ಲೂ ಬಾಗಿಲು ಮುಚ್ಚಿತ್ತು ಎಂದು ತಿಳಿಯುವುದು ತಪ್ಪು. ರೈತಾಪಿ ಮತ್ತು ದುಡಿಯುವ ಜನರಲ್ಲಿ ಅನೇಕರಿಗೆ ಕೂಡಿಕೆ, ಸೀರೆ ಉಡಿಕೆ ಎಂಬ ಪದ್ಧತಿಗಳಿದ್ದವು. ಹೊಸ ಸೀರೆ ಕೊಟ್ಟು ಮನೆ ತುಂಬಿಸಿಕೊಳ್ಳುತ್ತಿದ್ದರು. ಧಾರೆ ಇಲ್ಲ, ಓಲಗವಿಲ್ಲ, ಮೊದಲ ಮದುವೆಯ ಮರ್ಯಾದೆಯೂ ಇಲ್ಲ. ಆದರೂ ಬದುಕು ಮುಂದುವರಿಯುತ್ತಿತ್ತು. ಬೀಗ ಬಿದ್ದದ್ದು ಮೇಲುಜಾತಿ ಎನ್ನಿಸಿಕೊಂಡವರ ಮನೆಗಳಲ್ಲಿ, ಮತ್ತು ಅವರನ್ನು ನೋಡಿ ದೊಡ್ಡಸ್ತಿಕೆ ಕಲಿತವರ ಮನೆಗಳಲ್ಲಿ.

ಈ ಹಿನ್ನೆಲೆಯಲ್ಲಿ ತೀರ್ಥಹಳ್ಳಿ ಸೀಮೆಯ ಕಥೆಗಳನ್ನು ಓದಬೇಕು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಪ್ರಕಟವಾದದ್ದು 1936ರಲ್ಲಿ. ಹೆಗ್ಗಡಿತಿ ಸುಬ್ಬಮ್ಮ ಚಂದ್ರಯ್ಯಗೌಡರಿಗೆ ಮೂರನೆಯ ಹೆಂಡತಿ. ಗೌಡರ ಮೂರನೆಯ ಮದುವೆಗೆ ಯಾರೂ ಹುಬ್ಬೇರಿಸುವುದಿಲ್ಲ. ವಿಧವೆಯಾದ ಸುಬ್ಬಮ್ಮ ಒಂದು ಆಸರೆ ಹುಡುಕಿಕೊಂಡರೆ ಅದು ಅವಳ ಪ್ರಾಣವನ್ನೇ ತೆಗೆಯುತ್ತದೆ. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಚಿನ್ನಮ್ಮ ಒಲ್ಲದ ಮದುವೆಯ ಹೊತ್ತಿಗೆ ಕತ್ತಲೆಯಲ್ಲಿ ಮನೆ ಬಿಟ್ಟು ಕಾಡು ಹತ್ತಿ ತಪ್ಪಿಸಿಕೊಳ್ಳುತ್ತಾಳೆ, ಮುಕುಂದಯ್ಯನನ್ನು ಪಡೆಯುತ್ತಾಳೆ. ತಾಳಿ ಬಿದ್ದ ಮೇಲಾಗಿದ್ದರೆ ಹುಲಿಕಲ್ಲು ನೆತ್ತಿಯೂ ಅವಳನ್ನು ಕಾಪಾಡುತ್ತಿರಲಿಲ್ಲವೇನೋ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆ ಇನ್ನೂ ಕಹಿ. ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಕ್ಕ ಎಳೆಯ ವಿಧವೆ. ಶಾಲಾ ಮಾಸ್ತರನನ್ನು ನಂಬಿ ಬಸುರಾಗುತ್ತಾಳೆ. ಮಾಸ್ತರ ಜಾರಿಕೊಳ್ಳುತ್ತಾನೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಗಿಡುತ್ತಾನೆ. ಇದೆಲ್ಲವನ್ನೂ ನೋಡುವುದು ಪಾಠಶಾಲೆಯ ಪುಟ್ಟ ಹುಡುಗ ನಾಣಿ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ್ ಕಾಸರವಳ್ಳಿ 1977ರಲ್ಲಿ ಇದನ್ನು ತಮ್ಮ ಮೊದಲ ಚಲನಚಿತ್ರವಾಗಿ ಮಾಡಿ ಸ್ವರ್ಣಕಮಲ ಪಡೆದರು. ಮಗಳನ್ನು ಹೊರಹಾಕಿದ ವಯಸ್ಸಾದ ಉಡುಪರು ಕೊನೆಗೆ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾರೆ ಎಂಬ ಸುದ್ದಿ ಬರುತ್ತದೆ. ಯಾರೂ ಭಾಷಣ ಮಾಡುವುದಿಲ್ಲ. ಎರಡನೆಯ ಬಾಳು ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಿದ ಕಥೆ ಕನ್ನಡದಲ್ಲಿ ಅಪರೂಪ.

ಹಾಗಾದರೆ ವಿಧವೆ ಮದುವೆಯಾಗಿ ಸುಖವಾಗಿರುವ ಕಾದಂಬರಿಯೇ ಇಲ್ಲವೆ? ಇದೆ, ಅದೂ ಇವೆಲ್ಲಕ್ಕಿಂತ ಹಳೆಯದು. ಹೊಸನಗರದಿಂದ ಹುಲಿಕಲ್ ಘಾಟಿ ಇಳಿದರೆ ಸಿಗುವುದು ಕುಂದಾಪುರದ ಸೀಮೆ. ಗುಲ್ವಾಡಿ ಎಂಬ ಊರು ಅಲ್ಲಿಯದು. ಆ ಊರಿನ ಹೆಸರು ಹೊತ್ತ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. ಅವರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಇದನ್ನೇ ಕರೆಯುವುದು ರೂಢಿ. ಕಮಲಪುರವೆಂಬ ಕಲ್ಪನೆಯ ಪಟ್ಟಣದಲ್ಲಿ ಬಾಲವಿಧವೆ ಇಂದಿರಾ ಹೆತ್ತವರ ಮನೆಯನ್ನು ಬಿಟ್ಟು ಅಮೃತರಾಯರೆಂಬ ಸುಧಾರಕರ ಆಶ್ರಯ ಪಡೆಯುತ್ತಾಳೆ, ಓದುತ್ತಾಳೆ, ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರನನ್ನು ಮದುವೆಯಾಗುತ್ತಾಳೆ. ಪೊಲೀಸರ ಕಣ್ಣಿಗೆ ಬಿದ್ದ ಮಠಮಂದಿರಗಳ ಮತ್ತು ಲಂಚದ ವ್ಯವಹಾರವೂ ಪುಸ್ತಕದಲ್ಲಿ ಧಾರಾಳವಾಗಿದೆ. ಅಂದಿನ ಅಧಿಕಾರಿಯೊಬ್ಬರು, ಎಂ.ಇ. ಕೌಚ್‌ಮನ್, 1903ರಲ್ಲೇ ಅದನ್ನು ಇಂಗ್ಲಿಷಿಗೆ ತಂದರು. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಮತ್ತೊಮ್ಮೆ ಅನುವಾದಿಸಿದರು.

ವಿಚಿತ್ರವೆಂದರೆ, ಅರವತ್ತಾರು ವರ್ಷಗಳ ನಂತರ ಬಂದ ಕಾದಂಬರಿ ಇಷ್ಟು ನಿಶ್ಚಿಂತೆಯಿಂದ ಮುಗಿಯುವುದಿಲ್ಲ. ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' (1965) ನಂಜನಗೂಡಿನ ಕಥೆ. ಕಪಿಲಾ ನದಿಯಲ್ಲಿ ಗಂಡನನ್ನು ಕಳೆದುಕೊಂಡ ಕಾತ್ಯಾಯನಿ ಮಾವ ಶ್ರೀನಿವಾಸ ಶ್ರೋತ್ರಿಯರ ಒಪ್ಪಿಗೆ ಪಡೆದು ಮೈಸೂರಿನ ಕಾಲೇಜು ಸೇರುತ್ತಾಳೆ. ಅಲ್ಲಿನ ಅಧ್ಯಾಪಕ ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ, ಮಗನನ್ನು ಮಾವನ ಮನೆಯಲ್ಲೇ ಬಿಟ್ಟು. ಮುಂದೆ ಮತ್ತೆ ಮತ್ತೆ ಗರ್ಭಪಾತ, ಒಳಗೊಳಗೇ ಕೊರೆಯುವ ಅಪರಾಧಭಾವ, ಸಾವು. ಅದೇ ಕಾದಂಬರಿಯಲ್ಲಿ ವಿದ್ವಾಂಸ ಸದಾಶಿವರಾಯರು ಹೆಂಡತಿ ನಾಗಲಕ್ಷ್ಮಿ ಬದುಕಿರುವಾಗಲೇ ತಮ್ಮ ಸಂಶೋಧನೆಗೆ ಸಹಾಯಕಿಯಾಗಿ ಬಂದವಳನ್ನು ಮದುವೆಯಾಗುತ್ತಾರೆ. ಕಾತ್ಯಾಯನಿಯನ್ನು ಲೇಖಕರು ಶಿಕ್ಷಿಸಿದರೆ, ಅಥವಾ ಸಮಾಜ ಅವಳ ಮನಸ್ಸಿನೊಳಗೆ ಕೂತು ಶಿಕ್ಷಿಸಿದ್ದನ್ನು ತೋರಿಸಿದರೆ? ಈ ಚರ್ಚೆ ಇಂದಿಗೂ ಮುಗಿದಿಲ್ಲ. ಗರ್ಭಪಾತಕ್ಕೆ ದೇಹದ ಕಾರಣಗಳಿರುತ್ತವೆಯೇ ಹೊರತು ಪಾಪದ ಕಾರಣವಲ್ಲ ಎಂಬುದನ್ನು ಮಾತ್ರ ಎಳೆಯ ಓದುಗರು ನೆನಪಿಡುವುದು ಒಳ್ಳೆಯದು.

ಮತ್ತೆ ತೀರ್ಥಹಳ್ಳಿಗೆ ಬಂದರೆ, ಎಂ.ಕೆ. ಇಂದಿರಾ. ಹುಟ್ಟಿದ್ದು 1917ರ ಜನವರಿ 5ರಂದು, ತೀರ್ಥಹಳ್ಳಿಯಲ್ಲಿ. ಶಾಲೆಯ ಓದು ಏಳು ವರ್ಷ. ಹನ್ನೆರಡನೆಯ ವಯಸ್ಸಿಗೆ ಮದುವೆ. ಹೆಣ್ಣಿಗೆ ಕನಿಷ್ಠ ಹದಿನಾಲ್ಕು ವರ್ಷ ಎಂದು ವಿಧಿಸಿದ ಶಾರದಾ ಕಾಯಿದೆ ಆಗಿದ್ದು 1929ರಲ್ಲಿ, ಅದೂ ಬ್ರಿಟಿಷ್ ಇಂಡಿಯಾಕ್ಕೆ. ಮೈಸೂರು ಸಂಸ್ಥಾನ ಅದರ ಹೊರಗಿತ್ತು. ಸಂಸಾರ ನಡೆಸುತ್ತಲೇ ಕನ್ನಡ, ಹಿಂದಿ ಸಾಹಿತ್ಯವನ್ನು ತಾವಾಗಿ ಓದಿಕೊಂಡರು. ಕಾದಂಬರಿ ಬರೆಯಲು ಕೂತದ್ದು ನಲವತ್ತೈದರ ಹೊತ್ತಿಗೆ. 1963ರಲ್ಲಿ 'ತುಂಗಭದ್ರ' ಬಂತು, ಆಮೇಲೆ ನಿಲ್ಲಲಿಲ್ಲ. 'ಗೆಜ್ಜೆಪೂಜೆ'ಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ಚಲನಚಿತ್ರವಾಗಿಸಿದರು. ಸಂಸಾರಸ್ಥಳಾಗಿ ಬಾಳುವ ಆಸೆ ಕೈಗೂಡದ ಚಂದ್ರಳಾಗಿ ಕಲ್ಪನಾ ಮನೆಮಾತಾದರು. ಮಕ್ಕಳ ಓದು ಮುಗಿದ ಮೇಲೆ ನಮ್ಮದೇನಿದೆ ಎನ್ನುವ ತಾಯಂದಿರು ಇಂದಿರಾ ಅವರ ವಯಸ್ಸಿನ ಈ ಲೆಕ್ಕವನ್ನು ಒಮ್ಮೆ ನೋಡಬಹುದು.

ಅವರ ಹೆಸರು ಉಳಿದಿರುವುದು 1976ರ 'ಫಣಿಯಮ್ಮ'ದಿಂದ. ಇದು ಕಟ್ಟುಕಥೆಯಲ್ಲ. ಇಂದಿರಾ ಅವರು ಚಿಕ್ಕಂದಿನಲ್ಲಿ ಕಂಡಿದ್ದ ವೃದ್ಧೆಯೊಬ್ಬರು ತಮ್ಮ ಬಾಳನ್ನು ಅವರ ತಾಯಿಗೆ ಹೇಳಿಕೊಂಡಿದ್ದರು. ತೀರ್ಥಹಳ್ಳಿ ಸೀಮೆಯ ಹೆಬ್ಬಲಿಗೆಯ ಆ ಮಗುವಿಗೆ ಒಂಬತ್ತಕ್ಕೆ ಮದುವೆ, ಬೇಗನೆ ವೈಧವ್ಯ, ಮೈನೆರೆದ ಮೇಲೆ ಕೇಶಮುಂಡನ. 1840ರಲ್ಲಿ ಹುಟ್ಟಿ 1952ರಲ್ಲಿ, ನೂರ ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡವರು ಫಣಿಯಮ್ಮ. ಮರುಮದುವೆಯ ಕಾಯಿದೆ ಬಂದಾಗ ಅವರಿಗೆ ಹದಿನಾರು ವರ್ಷ. ಕಾನೂನು ಕಲ್ಕತ್ತೆಯಲ್ಲಿ ಪಾಸಾಗುವುದು ಬೇರೆ, ಹೆಬ್ಬಲಿಗೆಯ ಮನೆಯೊಂದರ ಜಗಲಿ ಹತ್ತುವುದು ಬೇರೆ. ಸ್ವಾತಂತ್ರ್ಯ ಬಂದಾಗ ಅವರು ನೂರು ದಾಟಿದ್ದರು.

ಈ ಕಾದಂಬರಿಯಲ್ಲಿ ಪ್ರೇಮವಿಲ್ಲ, ಎರಡನೆಯ ಮದುವೆಯೂ ಇಲ್ಲ. ಆದರೂ ಎರಡನೆಯ ಬಾಳಿನ ಪರವಾಗಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ. ಫಣಿಯಮ್ಮ ದೂರುವುದಿಲ್ಲ, ಅಳುವುದಿಲ್ಲ. ಮಡಿಯ ಒಳಗೇ ಇದ್ದುಕೊಂಡು ಎಲ್ಲರ ಬಾಣಂತನಕ್ಕೂ ಒದಗುತ್ತಾರೆ. ಹೆರಿಗೆ ಕಷ್ಟವಾದಾಗ ಮುಟ್ಟಬಾರದೆಂದು ಊರು ಹೇಳುವ ಕೇರಿಗೂ ಹೋಗಿ, ತಮ್ಮ ಸಪೂರವಾದ ಕೈಯಿಂದ ಮಗುವನ್ನು ಹೊರತಂದು ತಾಯಿಯನ್ನು ಉಳಿಸುತ್ತಾರೆ. ತಾಯಿಯಾಗುವ ಅವಕಾಶವನ್ನೇ ಕೊಡದ ಊರಿನಲ್ಲಿ ತಾಯಂದಿರನ್ನು ಉಳಿಸಿದ ಹೆಂಗಸು ಆಕೆ. ಇಂದಿರಾ ಅವರ ಭಾಷೆ ಅಡಿಗೆಮನೆಯಲ್ಲಿ ಕೂತು ಹೇಳಿದಂತಿದೆ; ಒಂದು ಕಡೆಯೂ ದನಿ ಏರುವುದಿಲ್ಲ.

ಆ ಬಳಿಕ ದಾಕ್ಷಾಯಿಣಿ ಬರುತ್ತಾಳೆ. ಹದಿನಾರರ ವಿಧವೆ, ಕ್ಷೌರಿಕನಿಗೆ ತಲೆ ಕೊಡಲಾರೆ ಎಂದು ಹಟ ಹಿಡಿಯುತ್ತಾಳೆ. ಊರೆಲ್ಲ ಅವಳ ಮೇಲೆ ಬಿದ್ದಾಗ ಅವಳ ಪರ ನಿಲ್ಲುವವರು ಯಾರು? ಬದುಕಿನುದ್ದಕ್ಕೂ ಬೋಳುತಲೆ ಹೊತ್ತ ಫಣಿಯಮ್ಮ. ತಾನು ಅನುಭವಿಸಿದ್ದನ್ನು ಮುಂದಿನವಳೂ ಅನುಭವಿಸಲಿ ಎನ್ನುವುದು ಮನೆಮನೆಯಲ್ಲೂ ಕಾಣುವ ರೀತಿ. ಅತ್ತೆಯಿಂದ ಸೊಸೆಗೆ ಅದು ಆಸ್ತಿಯಂತೆ ಇಳಿದು ಬರುತ್ತದೆ. ಇಲ್ಲಿ ಅದು ತುಂಡಾಗುತ್ತದೆ. ಕಾದಂಬರಿಯ ತೂಕವೆಲ್ಲ ಆ ಒಂದು ಪ್ರಸಂಗದಲ್ಲಿದೆ ಎಂದರೂ ತಪ್ಪಾಗದು.

ಕಾದಂಬರಿ ಓದಿದರೆ ಮಕ್ಕಳು ಕೆಡುತ್ತಾರೆ, ಮಾರ್ಕು ಕಡಿಮೆಯಾಗುತ್ತದೆ ಎಂಬ ಹೆದರಿಕೆ ಕೆಲವು ಪಾಲಕರಿಗೆ ಇದ್ದೇ ಇದೆ. ಹೈಸ್ಕೂಲು ಮುಗಿಸಿದವರು ರಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು 'ಫಣಿಯಮ್ಮ'. ಇತಿಹಾಸದ ಪಠ್ಯದಲ್ಲಿ ಸಮಾಜ ಸುಧಾರಣೆಯ ಕಾಯಿದೆಗಳ ಇಸವಿಗಳನ್ನು ಬಾಯಿಪಾಠ ಮಾಡುವವರಿಗೆ ಆ ಇಸವಿಗಳ ಹಿಂದೆ ಎಂಥ ಮುಖಗಳಿದ್ದವು ಎಂದು ಅದು ತೋರಿಸುತ್ತದೆ. ಮೊಮ್ಮಗಳು ಓದಿ ಅಜ್ಜಿಯ ಮುಂದೆ ಇಟ್ಟರೆ ಅಜ್ಜಿಯ ಬಾಯಿಂದ ಇನ್ನೂ ಎರಡು ಹೆಸರು ಹೊರಬಂದಾವು.

ಪುಸ್ತಕ ತೇಜಸ್ವಿನಿ ನಿರಂಜನ ಅವರಿಂದ ಇಂಗ್ಲಿಷಿಗೆ ಹೋಗಿ ಹೊರಗಿನ ಓದುಗರನ್ನೂ ಪಡೆಯಿತು. ಇಂದಿರಾ 1994ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದಕ್ಕೆ ಮೊದಲೇ, 1983ರಲ್ಲಿ, ಪ್ರೇಮಾ ಕಾರಂತ ಇದನ್ನು ತೆರೆಗೆ ತಂದಿದ್ದರು. ಬೋಳುತಲೆಯ ಫಣಿಯಮ್ಮನ ಪಾತ್ರ ಮಾಡಿದವರು ಎಲ್.ವಿ. ಶಾರದಾ. 1971ರಲ್ಲಿ ಬಿ.ವಿ. ಕಾರಂತ ಮತ್ತು ಗಿರೀಶ್ ಕಾರ್ನಾಡ್ 'ವಂಶವೃಕ್ಷ' ತೆಗೆದಾಗ ಎರಡನೆಯ ಮದುವೆಗೆ ಹೊರಟು ನಿಂತ ಕಾತ್ಯಾಯನಿಯಾಗಿದ್ದವರೂ ಅವರೇ.