ಜಾಲದ ದಾರಿಯೂ ಸಮಭಾವವೂ



ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾದವರಿಗೆಲ್ಲ ಒಂದು ದೃಶ್ಯ ಪರಿಚಿತವಾದುದು. ಶಹಾಬಾದಿನ ಕಡೆಯಿಂದ ಮುಂಬಯಿ ಮಾರ್ಗದ ಗಾಡಿಗಳು ಬರುತ್ತವೆ. ಸೇಡಂ, ಚಿತ್ತಾಪುರಗಳನ್ನು ಹಾಯ್ದು ಹೈದರಾಬಾದಿನ ಗಾಡಿಗಳು ಬಂದು ಕೂಡುತ್ತವೆ. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು ಸಿಮೆಂಟು ಹೊತ್ತ ಗೂಡ್ಸ್ ಗಾಡಿ ಪಕ್ಕದ ಹಳಿಯಲ್ಲಿ ನಿಲ್ಲುತ್ತದೆ. ಇದನ್ನು ಅನ್ಯಾಯವೆಂದು ಯಾರೂ ಹೇಳರು. ಆದರೆ ಒಬ್ಬ ಮಾಲೀಕನ ಸಿಮೆಂಟನ್ನು ಸಾಗಗೊಟ್ಟು ಇನ್ನೊಬ್ಬನದನ್ನು ತಡೆದರೆ? 1989ರ ರೈಲ್ವೆ ಕಾಯ್ದೆ ಅಂತಹ ಅನುಚಿತ ಪಕ್ಷಪಾತವನ್ನು ನಿಷೇಧಿಸಿದೆ. ಇದೇ ವಿವೇಕವನ್ನು ಅಂತರ್ಜಾಲಕ್ಕೆ ಅನ್ವಯಿಸಿದರೆ ಅದೇ ‘ನೆಟ್ ನ್ಯೂಟ್ರಾಲಿಟಿ’, ಎಂದರೆ ಜಾಲದ ತಟಸ್ಥನೀತಿ. 2003ರಲ್ಲಿ ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ ಈ ಮಾತನ್ನು ಬಳಕೆಗೆ ತಂದರು.

ಮೊಬೈಲಿನಲ್ಲಿ ನಾವು ಓದುವ ಲೇಖನವಾಗಲಿ, ನೋಡುವ ಚಲನಚಿತ್ರವಾಗಲಿ ಇಡಿಯಾಗಿ ಬರುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದೂ ತನ್ನ ವಿಳಾಸವನ್ನು ಹೊತ್ತು, ‘ರೌಟರ್’ ಎಂಬ ಯಂತ್ರಗಳನ್ನು ದಾಟಿ ಬಂದು, ನಮ್ಮ ಕೈಯಲ್ಲಿ ಮತ್ತೆ ಒಂದಾಗುತ್ತದೆ. ಎಲ್ಲರೂ ಏಕಕಾಲಕ್ಕೆ ಬಳಸತೊಡಗಿದಾಗ ಪೊಟ್ಟಣಗಳು ಸರತಿಯಲ್ಲಿ ನಿಲ್ಲಬೇಕಾಗುತ್ತದೆ. ಫೋನಿನ ಮಾತು ತುಸು ತಡವಾದರೂ ಕೆಡುತ್ತದೆ, ಇ-ಮೇಲ್ ತಡೆದೀತು. ಆದುದರಿಂದ ಮಾತನ್ನು ಮುಂದೆ ಬಿಡುವುದು ವ್ಯವಸ್ಥೆ. ಆದರೆ ಒಂದು ಕಂಪೆನಿ ಹಣ ಕೊಟ್ಟಿತೆಂದು ಅದರ ಪೊಟ್ಟಣವನ್ನು ಮುಂದೆ ಬಿಟ್ಟು, ಕೊಡಲಾರದವನದನ್ನು ಹಿಂದಿಡುವುದು ಪಕ್ಷಪಾತ.

ಪಕ್ಷಪಾತವು ವೇಗದಲ್ಲಷ್ಟೇ ಅಲ್ಲ, ಬೆಲೆಯಲ್ಲಿಯೂ ಅಡಗಿರಬಲ್ಲದು. 2015ರಲ್ಲಿ ಫೇಸ್‌ಬುಕ್ ಸಂಸ್ಥೆ ‘ಫ್ರೀ ಬೇಸಿಕ್ಸ್’ ಎಂಬ ಹೆಸರಿನಲ್ಲಿ ಕೆಲವು ತಾಣಗಳನ್ನು ಮಾತ್ರ ಪುಕ್ಕಟೆಯಾಗಿ ಒದಗಿಸಲು ಮುಂದಾಯಿತು. ಬಡವರಿಗೆ ಅಷ್ಟಾದರೂ ದೊರೆಯಲಿ ಎಂಬ ವಾದ ತಳ್ಳಿಹಾಕುವಂಥದಾಗಿರಲಿಲ್ಲ. ಆದರೆ ಏನನ್ನು ಓದಬೇಕೆಂಬ ಆಯ್ಕೆ ಓದುಗನ ಕೈಯಿಂದ ಜಾರಿ ಯೋಜನೆ ನಡೆಸುವವರ ಕೈ ಸೇರುತ್ತಿತ್ತು. ದೇಶದಲ್ಲೆಲ್ಲ ಚರ್ಚೆ ನಡೆದು, 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ನೋಡುವ ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ತಪ್ಪಿದರೆ ದಿನಕ್ಕೆ 50 ಸಾವಿರ ರೂಪಾಯಿಯಂತೆ, 50 ಲಕ್ಷದವರೆಗೆ ದಂಡ. ತುರ್ತು ಸೇವೆಗಳಿಗೆ ಮಾತ್ರ ವಿನಾಯಿತಿ. 2018ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಜಾಲದ ವಿಷಯವನ್ನು ತಡೆಯಬಾರದು, ನಿಧಾನಗೊಳಿಸಬಾರದು, ಯಾರಿಗೂ ವಿಶೇಷ ಆದ್ಯತೆ ನೀಡಬಾರದು ಎಂಬ ತತ್ತ್ವವನ್ನು ಅಂಗೀಕರಿಸಿತು.

ಇದರಿಂದ ನಮಗೇನು ಎಂದು ಕೇಳಬಹುದು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಅಲ್ಲಿಯ ಕೋಟೆಯ ಮೇಲೆ ಚಿಂಚೋಳಿಯ ತರುಣನೊಬ್ಬ ಕನ್ನಡದಲ್ಲಿ ಒಂದು ತಾಣ ಕಟ್ಟಿದನೆನ್ನಿ. ಅವನಲ್ಲಿ ದಾರಿಗೆ ಸುರಿಯುವಷ್ಟು ಹಣವಿಲ್ಲ. ದಾರಿ ತಟಸ್ಥವಾಗಿದ್ದರೆ ಜಗತ್ತಿನ ಮಹಾ ಸಂಸ್ಥೆಯ ಪುಟದಷ್ಟೇ ಸಲೀಸಾಗಿ ಅವನ ಪುಟವೂ ಓದುಗನನ್ನು ಮುಟ್ಟುತ್ತದೆ. ಇಲ್ಲವಾದರೆ ಅದು ಪಕ್ಕದ ಹಳಿಯಲ್ಲಿಯೇ ನಿಂತೀತು.

ಟವರೇ ಇಲ್ಲದ ಊರಿಗೆ ತಟಸ್ಥನೀತಿಯು ಟವರನ್ನು ತಾರದು. ಅದಕ್ಕೆ ಬೇರೆಯೇ ಪ್ರಯತ್ನ ಬೇಕು. ಆದರೆ ದಾರಿ ಬಂದ ಮೇಲೆ ಅದು ಎಲ್ಲರದೂ ಆಗಿರಬೇಕು. ಸಣ್ಣವರ ನುಡಿಗೆ ಬೇಕಾದುದು ದಾನವಲ್ಲ, ದಾರಿ.