ನಿಮಗಿದು ಗೊತ್ತೆ? ಮೂರು ನಿಮಿಷದ ಮಹಾಚಳಿ

ನವಿ ಮುಂಬಯಿಯ ಬೇಲಾಪುರದಲ್ಲಿ ಪಾದರಸ 18 ಡಿಗ್ರಿಗೆ ಇಳಿದರೆ ಸಾಕು, ಸ್ವೆಟರು, ಮಂಕಿಟೋಪಿ ಹೊರಬರುತ್ತವೆ. ಇಂಥ ಊರಿನವರು ಕ್ರಯೋಥೆರಪಿ (ಅತಿಶೀತ ಚಿಕಿತ್ಸೆ) ಕೋಣೆ ಹೊಕ್ಕರೆ ಎದುರಾಗುವುದು ಮೈನಸ್ 110 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗಿನ ಚಳಿ! ಅಂಟಾರ್ಕ್ಟಿಕಾದ ವೋಸ್ಟೋಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ದಾಖಲಾದ ಕನಿಷ್ಠ ಉಷ್ಣಾಂಶವೇ ಮೈನಸ್ 89.2.

ಆದರೂ ಮನುಷ್ಯ ಹೆಪ್ಪುಗಟ್ಟುವುದಿಲ್ಲವೇಕೆ? ಒಣಗಾಳಿ ಶಾಖವನ್ನು ನಿಧಾನವಾಗಿ ಸೆಳೆಯುತ್ತದೆ. ಒಳಗಿರುವುದೂ ಎರಡು-ಮೂರು ನಿಮಿಷವಷ್ಟೇ. ಚರ್ಮ ತಣ್ಣಗಾಗುತ್ತದೆ, ಒಡಲು ಬೆಚ್ಚಗೇ ಇರುತ್ತದೆ. ನೀರು ಸೇರಿದರೆ ಮಾತ್ರ ಕತೆ ಬೇರೆ. 2011ರಲ್ಲಿ ಅಮೆರಿಕದ ಓಟಗಾರ ಜಸ್ಟಿನ್ ಗ್ಯಾಟ್ಲಿನ್ ಒದ್ದೆ ಕಾಲುಚೀಲದಲ್ಲೇ ಒಳಹೊಕ್ಕು ಪಾದಕ್ಕೆ ಹಿಮಗಾಯ ಮಾಡಿಕೊಂಡರು. ಕೊಂಕಣದ ಸೆಕೆಯಲ್ಲಿ ಬೆವರಿ ಬಂದವರು ಮೊದಲು ಮೈ ಒರೆಸಿಕೊಳ್ಳಲಿ.

ಈ ಚಿಕಿತ್ಸೆ ಹುಟ್ಟಿದ್ದು 1970ರ ದಶಕದ ಜಪಾನಿನಲ್ಲಿ, ಸಂಧಿವಾತದ ನೋವಿಗೆಂದು. ಈಗಿನ ಜಾಹೀರಾತುಗಳಲ್ಲಿ ತೂಕ ಇಳಿಕೆಯಿಂದ ಖಿನ್ನತೆಯವರೆಗೆ ಎಲ್ಲಕ್ಕೂ ಇದೇ ಮದ್ದು. ಅಂಥ ಭರವಸೆಗಳಿಗೆ ಗಟ್ಟಿ ಪುರಾವೆಯಿಲ್ಲವೆಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಹೇಳಿದೆ. ಹೃದ್ರೋಗ, ಹತೋಟಿ ತಪ್ಪಿದ ರಕ್ತದೊತ್ತಡ ಇರುವವರು, ಗರ್ಭಿಣಿಯರು ಇದರ ಗೊಡವೆಗೆ ಹೋಗದಿರುವುದೇ ಲೇಸು.