ಜೋಡಿ ಹಿಗ್ಸ್‌ಗಾಗಿ ಹುಡುಕಾಟ

ಹಿಗ್ಸ್ ಬೋಸಾನ್ ಸಿಕ್ಕಿತು ಅಂತ 2012ರ ಜುಲೈ 4ರಂದು ಸೆರ್ನ್ ಸಂಸ್ಥೆ ಸಾರಿತು. ಅಲ್ಲಿಗೆ ಕಥೆ ಮುಗಿಯಿತು ಎಂದೇ ನಾನೂ ತಿಳಿದಿದ್ದೆ. ಮುಗಿದಿಲ್ಲ! ಈಗ ವಿಜ್ಞಾನಿಗಳು ಒಂದೇ ಡಿಕ್ಕಿಯಲ್ಲಿ ಎರಡು ಹಿಗ್ಸ್ ಹುಟ್ಟುವುದನ್ನು ಹುಡುಕುತ್ತಿದ್ದಾರೆ. ಒಂದು ಸಿಕ್ಕಿತಲ್ಲ, ಜೋಡಿ ಯಾಕಪ್ಪಾ ಅನ್ನುತ್ತೀರಾ? ಸ್ವಲ್ಪ ತಾಳಿ.

ವಿಶ್ವದ ತುಂಬ ಹಿಗ್ಸ್ ಕ್ಷೇತ್ರ ಅನ್ನೋದೊಂದು ಹರಡಿಕೊಂಡಿದೆ. ಎಲೆಕ್ಟ್ರಾನ್, ಕ್ವಾರ್ಕುಗಳಂಥ ಮೂಲಕಣಗಳಿಗೆ ದ್ರವ್ಯರಾಶಿ ಬರುವುದು ಅದರೊಡನೆ ಇರುವ ನಂಟಿನಿಂದ. ಸರಿ, ಹಿಗ್ಸ್‌ಗೆ ತನ್ನೊಡನೆಯೇ ಎಷ್ಟು ನಂಟು? ಸಿದ್ಧಾಂತ ಒಂದು ಬೆಲೆ ಹೇಳುತ್ತದೆ, ಆದರೆ ಅದನ್ನು ಅಳೆದು ಖಾತ್ರಿ ಮಾಡಿಕೊಂಡಿಲ್ಲ. ಜೋಡಿಗಳು ಎಷ್ಟು ಹುಟ್ಟುತ್ತವೆ ಎನ್ನುವುದರಲ್ಲಿ ಈ ನಂಟಿನ ಗುರುತಿದೆ. ಬೆಲೆ ಬೇರೆ ಬಂದರೆ, ವಿಶ್ವದ ಮೊದಲ ಗಳಿಗೆಯಲ್ಲಿ ಈ ಕ್ಷೇತ್ರ ಹೇಗೆ ನೆಲೆಗೊಂಡಿತು, ಮುಂದೆಯೂ ಹೀಗೇ ನಿಂತೀತೇ ಎಂಬ ಲೆಕ್ಕವನ್ನೇ ತಿದ್ದಬೇಕಾಗುತ್ತದೆ.

ತೊಂದರೆ ಏನೆಂದರೆ ಜೋಡಿ ಬಲು ಅಪರೂಪ. ಜಿನೀವಾ ಬಳಿ 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುತ್ತಾರೆ. ಒಂಟಿ ಹಿಗ್ಸ್ ಸಾವಿರಕ್ಕೂ ಮೇಲೆ ಹುಟ್ಟಿದರೆ ಜೋಡಿ ಒಂದು. 2015ರಿಂದ 2018ರವರೆಗೆ ಅಟ್ಲಾಸ್, ಸಿ.ಎಂ.ಎಸ್. ಎಂಬ ಎರಡು ಶೋಧಕಗಳಲ್ಲಿ ತಲಾ ನಾಲ್ಕೂವರೆ ಸಾವಿರದಷ್ಟು ಜೋಡಿ ಹುಟ್ಟಿರಬೇಕು, ಅಷ್ಟೆ.

ಹುಟ್ಟಿದ್ದೂ ಉಳಿಯುವುದಿಲ್ಲ, ಕೂಡಲೇ ಬೇರೆ ಕಣಗಳಾಗಿ ಒಡೆಯುತ್ತದೆ. ಆ ಕಣಗಳ ಶಕ್ತಿ, ದಿಕ್ಕು ನೋಡಿ ಮೂಲವನ್ನು ಗುರುತಿಸಬೇಕು. ನೂರರಲ್ಲಿ ಸುಮಾರು 34 ಜೋಡಿ ನಾಲ್ಕು ಬಾಟಮ್ ಕ್ವಾರ್ಕುಗಳಾಗುತ್ತವೆ. ಆದರೆ ಅಂಥ ಕ್ವಾರ್ಕುಗಳು ಹಿಗ್ಸ್ ಇಲ್ಲದ ಡಿಕ್ಕಿಗಳಿಂದಲೂ ರಾಶಿರಾಶಿ ಬರುತ್ತವೆ. ಎರಡು ಬಾಟಮ್ ಕ್ವಾರ್ಕು, ಎರಡು ಫೋಟಾನು ಆಗುವ ದಾರಿ ಚೊಕ್ಕವಾದದ್ದು. ಆದರೆ ಸಾವಿರಕ್ಕೆ ಮೂರು ಜೋಡಿಯೂ ಆ ದಾರಿ ಹಿಡಿಯುವುದಿಲ್ಲ. ನಾಲ್ಕೂವರೆ ಸಾವಿರದಲ್ಲಿ ಹೆಚ್ಚೂಕಡಿಮೆ ಹನ್ನೆರಡು! ನಮ್ಮ ಕಾಮರ್ಸ್ ಮಾತಿನಲ್ಲಿ ಹೇಳುವುದಾದರೆ, ಒಂದು ಖಾತೆಯ ತುಂಬ ಖೋಟಾ ಬಾಬತ್ತು, ಇನ್ನೊಂದರಲ್ಲಿ ಜಮೆಯೇ ಇಲ್ಲ. ಅದಕ್ಕೇ ಎಲ್ಲ ಖಾತೆಗಳನ್ನೂ ಕೂಡಿಸಿ ತಾಳೆ ನೋಡುತ್ತಾರೆ.

ಹಾಗೆ ಕೂಡಿಸಿ, ಸಿದ್ಧಾಂತ ಹೇಳಿದ್ದರ 2.9 ಪಟ್ಟಿಗಿಂತ ಹೆಚ್ಚು ಜೋಡಿ ಹುಟ್ಟುತ್ತಿಲ್ಲ ಎಂದು ಅಟ್ಲಾಸ್ ತಂಡ 2024ರಲ್ಲಿ ತಿಳಿಸಿತು. ಈ ಮಾತಿಗೆ ನೂರಕ್ಕೆ 95ರಷ್ಟು ಭರವಸೆ. ಜೋಡಿ ಸಿಗಲಿಲ್ಲ ನಿಜ, ಆದರೆ ಎಲ್ಲೆಲ್ಲಿ ಹುಡುಕಬೇಕಾಗಿಲ್ಲ ಎನ್ನುವುದು ಗೊತ್ತಾಯಿತಲ್ಲ! ಸಿ.ಎಂ.ಎಸ್. ತಂಡದಲ್ಲಿ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ದುಡಿಯುತ್ತಿದ್ದಾರೆ.

ಸುಧಾರಿಸಿದ ಯಂತ್ರವನ್ನು 2030ರ ಸುಮಾರಿಗೆ ಶುರುಮಾಡುವ ಯೋಜನೆಯಿದೆ. ಮೊದಲ ಯೋಜನೆಯ ಹತ್ತು ಪಟ್ಟು ಡಿಕ್ಕಿಗಳ ಮಾಹಿತಿ ಕೂಡಿಹಾಕುವ ಗುರಿ ಅದಕ್ಕೆ. ಆಗ ಲೆಕ್ಕ ತಾಳೆಯಾದರೆ ಸಿದ್ಧಾಂತ ಗಟ್ಟಿಯಾಯಿತು. ತಾಳೆಯಾಗದಿದ್ದರೆ? ವಿಜ್ಞಾನಿಗಳು ಒಳಗೊಳಗೇ ಕಾಯುತ್ತಿರುವುದು ಅದಕ್ಕೇ ಇರಬೇಕು.